ಮಾತನಾಡಿಸಲು ಬಂದವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಬಂಧುಗಳೇ, ನೆರೆಹೊರೆಯವರೇ,

ತಮ್ಮ ತೀರಿಕೊಂಡಾಗ ನೀವು ಬಂದಿರಿ. ಅನ್ನ ಸಾರು ಮಾಡಿ ತಂದಿರಿ, ರಾತ್ರಿಯೆಲ್ಲ ಅಮ್ಮನ ಪಕ್ಕ ಕೂತಿರಿ. ಆ ಋಣ ನನಗೆ ನೆನಪಿದೆ. ಆದರೂ ಕೆಲವು ಮಾತು ಹೇಳಲೇಬೇಕು.

ಬಂದವರೆಲ್ಲ ಕೇಳಿದ್ದು ಒಂದೇ: ‘ಯಾಕೆ ಹೀಗೆ ಮಾಡಿಕೊಂಡ?’ ಸಾಲವಿತ್ತಾ, ಹುಡುಗಿ ವಿಷಯವಾ, ಅಪ್ಪ ಏನಾದರೂ ಅಂದಿದ್ದರಾ? ಅಪ್ಪ ಒಳಕೋಣೆಯಲ್ಲೇ ಇದ್ದರು. ಆತ್ಮಹತ್ಯೆಗೆ ಒಂದೇ ಕಾರಣವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಖಿನ್ನತೆ, ನಿದ್ದೆಗೇಡು, ಕೆಲಸ, ಹಣ ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್. ಅಷ್ಟು ಕರುಣೆ ನಮ್ಮ ಜಗಲಿಯಲ್ಲೂ ಇರಲಿ.

ಪೊಲೀಸರು ಬಂದು ಮಹಜರು ಬರೆದದ್ದನ್ನು ಮನೆತನದ ಅವಮಾನ ಎಂದಿರಿ. ಅಪಘಾತದಲ್ಲಿ ಸತ್ತರೂ, ಯಂತ್ರಕ್ಕೆ ಸಿಕ್ಕಿ ಸತ್ತರೂ, ಪ್ರಾಣಿ ದಾಳಿಯಿಂದ ಸತ್ತರೂ ಕಾನೂನಿನ ವಿಧಾನ ಅದೇ. ಆ ಕಾಗದಕ್ಕೆ ಸಹಿ ಹಾಕಿದವಳು ನಾನು. ಶವಾಗಾರದ ಮುಂದೆ ಕಾದವಳೂ ನಾನೇ. ಅಕ್ಕ ಅಂದಮೇಲೆ ಓಡಾಟ ಇದ್ದೇ ಇರುತ್ತದೆ ಎಂದುಕೊಂಡಿರಿ. ‘ನೀನು ಗಟ್ಟಿಯಾಗಿರಬೇಕಮ್ಮ, ಅಪ್ಪ ಅಮ್ಮನ್ನ ನೋಡ್ಕೋ’ ಎಂದು ಹೆಗಲು ತಟ್ಟಿ ಹೋದಿರಿ. ನಾನು ಎಲ್ಲಿ ಕೂತು ಅಳಬೇಕಿತ್ತು? ಮಗನನ್ನು ಕಳೆದುಕೊಂಡವರ ದುಃಖ ದೊಡ್ಡದು, ನಿಜ. ಅಜ್ಜಿಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಸೀಟಿಗೆ ನನ್ನ ಜುಟ್ಟು ಜಗ್ಗಿದವನು, ಅಪ್ಪನಿಗೆ ಕಾಣದಂತೆ ನನ್ನ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟವನು ಹೋದ ದುಃಖ ಬೇರೆ. ಆ ದಿನಗಳನ್ನು ನನ್ನ ಜೊತೆ ಬದುಕಿದ್ದವನು ಅವನೊಬ್ಬನೇ.

ಹಿರಿಯರೊಬ್ಬರು ಹೃದಯಾಘಾತವೆಂದು ಹೇಳಿಬಿಡಿ ಎಂದರು, ನನ್ನ ಮದುವೆಗೆ ತೊಡಕಾದೀತೆಂದು. ಅವರ ಕಾಳಜಿಯನ್ನು ಅನುಮಾನಿಸುವುದಿಲ್ಲ. ಆದರೆ ಒಡಹುಟ್ಟಿದವರೆಷ್ಟು ಜನ ಎಂದು ಯಾರೇ ಕೇಳಲಿ, ತಮ್ಮನಿದ್ದ ಎಂದೇ ಹೇಳುತ್ತೇನೆ. ಹೇಗೆ ಹೋದನೆಂಬುದನ್ನೂ ಮುಚ್ಚಿಡುವುದಿಲ್ಲ. 2022ರಲ್ಲಿ ದೇಶದಲ್ಲಿ 1,70,924 ಜನ, ಕರ್ನಾಟಕದಲ್ಲೇ 13,606 ಜನ ಹೀಗೆ ಹೋದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅಷ್ಟು ಮನೆಗಳಲ್ಲಿ ಎಷ್ಟು ಅಕ್ಕ ತಮ್ಮಂದಿರು ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದಾರೋ! ಮುಚ್ಚಿಟ್ಟರೆ ಮನೆಯಲ್ಲಿ ಉಳಿದವರು ತಮಗೂ ನಿದ್ದೆ ಬರುತ್ತಿಲ್ಲ, ಬದುಕು ಬೇಡವೆನಿಸುತ್ತಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳಬೇಕು? ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮನೆಯ ಮಕ್ಕಳಿಗೂ ಆ ಸಂಖ್ಯೆ ಗೊತ್ತಿರಲಿ.

ವರ್ಷಾಂತಿಕಕ್ಕೆ ದಯವಿಟ್ಟು ಬನ್ನಿ. ಕಾರಣ ಕೇಳಬೇಡಿ. ಅವನ ಹೆಸರು ಹಿಡಿದು ಮಾತಾಡಿ. ನಿಮ್ಮ ಅಂಗಳದಲ್ಲಿ ಕ್ರಿಕೆಟ್ ಆಡಿ ಹೆಂಚು ಒಡೆದದ್ದು, ಗಣಪತಿ ಚಂದಾಕ್ಕೆ ಪೀಡಿಸಿದ್ದು, ನನಗೆ ಗೊತ್ತಿಲ್ಲದ್ದು ಏನಿದ್ದರೂ ಹೇಳಿ. ಅಮ್ಮ ಅತ್ತರೆ ಅಳಲಿ, ಮಾತು ಬದಲಿಸಬೇಡಿ. ಹಾಗೇ ನನ್ನನ್ನೂ ಒಮ್ಮೆ ಕೇಳಿ, ನೀನು ಹೇಗಿದ್ದೀಯ ಅಂತ.

ಇಂತಿ,
ಅವನ ಅಕ್ಕ