ತಂತಿತಾಪ ಮೀಮಾಂಸೆ

ಎಡಗಿವಿಗೊಂದು, ಬಲಗಿವಿಗೊಂದು ಎಂದು ಬೇರೆಬೇರೆ ಆಂಪ್ಲಿಫೈಯರ್ ಇಟ್ಟುಕೊಂಡ ರಸಿಕರ ಮನೆಗಳಲ್ಲಿ ಅನಾದಿಯಿಂದ ಒಂದು ಪ್ರಶ್ನೆ ಕಾಡುತ್ತಿದೆ: ಎರಡೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಎಡದ್ದು ಮಾತ್ರ ಕೈಯಿಡಲಾಗದಷ್ಟು ಕಾಯುವುದೇಕೆ? ಈ ಕುರಿತು ವಿದ್ವಾಂಸರಲ್ಲಿ ಎರಡು ಪಂಗಡ, ಕಿವಿವಾದಿಗಳು ಮತ್ತು ಮೀಟರುವಾದಿಗಳು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕಾಫಿ ಕುಡಿಯುವುದಿಲ್ಲ.

ಪೂರ್ವಪಕ್ಷ ಕಿವಿವಾದಿಗಳದು. ತಂತಿ ಕಳಪೆಯಾದ್ದರಿಂದ ಆಂಪ್ಲಿಫೈಯರ್ ಏದುಸಿರು ಬಿಡುತ್ತದೆ. ಬೆಳ್ಳಿ ತಂತಿ ಹಾಕಿದರೆ ತಣ್ಣಗಾಗುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಪ್ರಮಾಣವೇನೆಂದರೆ, ಶಬ್ದಪ್ರಮಾಣ.

ಉತ್ತರಪಕ್ಷ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 2.5 ಚದರ ಮಿ.ಮೀ. ತಾಮ್ರದ ತಂತಿಯನ್ನೇ ತೆಗೆದುಕೊಳ್ಳೋಣ. ಸ್ಪೀಕರ್ 3 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 6 ಮೀಟರ್, ರೋಧ ಸುಮಾರು 0.04 ಓಮ್. 8 ಓಮ್ ಸ್ಪೀಕರಿಗೆ 50 ವಾಟ್ ಕೊಟ್ಟಾಗ (ಅಷ್ಟು ಕೊಟ್ಟರೆ ಪಕ್ಕದ ಮನೆಯವರು ತರ್ಕಕ್ಕೆ ನಿಲ್ಲುವುದಿಲ್ಲ, ಬಾಗಿಲು ಬಡಿಯುತ್ತಾರೆ) ಹರಿಯುವುದು 2.5 ಆಂಪಿಯರ್. 1841ರಲ್ಲಿ ಜೂಲ್ ಮಹಾಶಯರು ಕೊಟ್ಟ ಸೂತ್ರದಂತೆ ತಂತಿ ನುಂಗುವುದು ಕಾಲು ವಾಟ್. ಬೆಳ್ಳಿಯ ರೋಧ ತಾಮ್ರಕ್ಕಿಂತ ಶೇ. 5-6ರಷ್ಟು ಕಡಿಮೆ. ಕಾಲು ವಾಟಿನಲ್ಲಿ ಅಷ್ಟು ಉಳಿಸಲು ಎಷ್ಟು ಬೆಳ್ಳಿ ಬೇಕೆಂಬುದನ್ನು ಆಭರಣದಂಗಡಿಯವರೇ ಹೇಳಬೇಕು. ಮೇಲಾಗಿ ರೋಧ ಹೆಚ್ಚಿದಷ್ಟೂ ಕರೆಂಟ್ ಕಡಿಮೆ ಹರಿಯುವುದರಿಂದ, ಕಳಪೆ ತಂತಿ ಆಂಪ್ಲಿಫೈಯರಿನ ಹೊರೆಯನ್ನು ಕೂದಲೆಳೆಯಷ್ಟು ಇಳಿಸುತ್ತದೆ!

ಇನ್ನು ‘ಕ್ಲಾಸ್ ಎ’ ಜಾತಿಯವು. 50 ವಾಟಿನ ಒಂದೊಂದೂ ಸುಮ್ಮನೆ ಕೂತೇ ಕನಿಷ್ಠ 100 ವಾಟ್ ಉಣ್ಣುತ್ತದೆ. ಹಾಡಿಸಿದರೆ ಅದರಲ್ಲೊಂದು ಪಾಲು ಸ್ಪೀಕರಿಗೆ ಹೋಗಿ ಯಂತ್ರ ತುಸು ತಣಿಯುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನು ತಂಪಾಗಿಡಲು ಜೋರಾಗಿ ಹಾಡಿಸುವುದೇ ಶಾಸ್ತ್ರಸಮ್ಮತ. ಇದನ್ನು ಪಕ್ಕದ ಮನೆಯವರಿಗೆ ವಿವರಿಸುವ ಭಾರ ಓದುಗರದು.

ಆದರೆ ಕಿವಿವಾದಿಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಿಗಿಯಾಗಿ ಹೆಣೆದ ಕೆಲವು ದುಬಾರಿ ಕೇಬಲ್‌ಗಳಲ್ಲಿ ಕೆಪಾಸಿಟೆನ್ಸ್ ಹೆಚ್ಚು. ಔಟ್‌ಪುಟ್ಟಿನಲ್ಲಿ ಪುಟ್ಟ ಕಾಯಿಲ್ ಇಲ್ಲದ ಕೆಲವು ಆಂಪ್ಲಿಫೈಯರುಗಳು ಅಂಥ ಕೇಬಲ್ ತಗುಲಿದೊಡನೆ, ಮನುಷ್ಯರ ಕಿವಿಗೆ ನಿಲುಕದ ಸ್ಥಾಯಿಯಲ್ಲಿ ತಮ್ಮಷ್ಟಕ್ಕೆ ತಾವೇ ಹಾಡತೊಡಗುತ್ತವೆ. ಕೇಳುಗನಿಗೆ ಏನೂ ಕೇಳದು. ಮೀಟರ್ ಓಡುತ್ತದೆ, ಹೀಟ್‌ಸಿಂಕ್ ದೋಸೆ ಕಾವಲಿಯಾಗುತ್ತದೆ, ಟ್ರಾನ್ಸಿಸ್ಟರ್ ಸುಟ್ಟರೂ ಸುಟ್ಟೀತು. ಅಂದರೆ ಕೇಬಲ್ ಆಂಪ್ಲಿಫೈಯರನ್ನು ಕಾಯಿಸುವುದುಂಟು, ದುಡ್ಡು ಸುರಿದು ತಂದಾಗ!

ಕಡೆಗೆ ಸ್ಥಳಪರೀಕ್ಷೆ. ಮೇಲೆ ಹೇಳಿದ ಮನೆಗಳಲ್ಲೊಂದಕ್ಕೆ ಹೋಗಿ ತಂತಿಗಳನ್ನು ಅದಲುಬದಲು ಮಾಡಲಾಯಿತು, ಎಡದ್ದೇ ಬಿಸಿ. ಆಂಪ್ಲಿಫೈಯರುಗಳನ್ನೇ ಅದಲುಬದಲು ಮಾಡಿದಾಗ, ಇಷ್ಟು ದಿನ ತಣ್ಣಗಿದ್ದ ಬಲಗಡೆಯದು ಎಡಕ್ಕೆ ಬಂದು ಕಾಯಿತು. ದೋಷ ಯಂತ್ರದ್ದಲ್ಲ, ತಂತಿಯದೂ ಅಲ್ಲ, ಜಾಗದ್ದು. ಆ ಜಾಗದಲ್ಲಿ ಗಾಳಿಕಿಂಡಿ ಪೂರ್ತಿ ಮುಚ್ಚುವಂತೆ ಒಂದು ಕ್ರೋಶಾ ಹೊದಿಕೆ, ಅದರ ಮೇಲೆ ಚನ್ನಪಟ್ಟಣದ ಗೊಂಬೆ.

“ಬಂದೋರೆಲ್ಲ ತಂತಿ ಬದಲಾಯಿಸಿ ಅಂದ್ರು, ಗೊಂಬೆ ಎತ್ತಿಡಿ ಅಂತ ಒಬ್ರೂ ಅನ್ಲಿಲ್ಲ” ಎಂದರು ಮನೆಯೊಡತಿ.

ಸಿದ್ಧಾಂತ: ತಂತಿಯನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಿ, ಆಂಪ್ಲಿಫೈಯರಿನ ನೆತ್ತಿಯ ಮೇಲೆ ಗೇಣು ಜಾಗ ಬಿಡಿ.