ಕೋವಿ ಮುಟ್ಟದ ಬೇಟೆಗಾರರಿಗೆ ಸನ್ಮಾನ

ಕಾಡುಹಕ್ಕಿಯನ್ನು ಹೊಡೆದು ತಿನ್ನಬಹುದೋ ಬಾರದೋ ಎಂದು ಉಳಿದ ಊರಿನವರು ಇನ್ನೂ ತಲೆ ಕೆಡಿಸಿಕೊಂಡು ಕೂತಿದ್ದಾರೆ. ಸೊಲ್ಲಾಪುರ ಜಿಲ್ಲೆಯವರಾದ ನಾವು ಆ ಪ್ರಶ್ನೆಯನ್ನು ಬಗೆಹರಿಸಿ ಬಹಳ ದಿನವಾಯಿತು. ಅದೂ ಎಂಥ ಹಕ್ಕಿಯ ವಿಷಯದಲ್ಲಿ! ಮಾಳಢೋಕ. ಬಳ್ಳಾರಿ ಕಡೆಯ ಎರೆಹೊಲದವರು ಎರೆಭೂತ ಎನ್ನುವುದು ಇದನ್ನೇ. ನಿಂತರೆ 3 ಅಡಿ ಎತ್ತರ, ಬಲಿತ ಗಂಡಾದರೆ ಸುಮಾರು 15 ಕಿಲೋ ತೂಕ. ಹಾರಬಲ್ಲ ಹಕ್ಕಿಗಳಲ್ಲಿ ಇದಕ್ಕಿಂತ ಭಾರದವು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇಷ್ಟು ದೊಡ್ಡ ಹಕ್ಕಿಯನ್ನು ಒಂದು ಗುಂಡು ಹಾರಿಸದೆ, ಚಾಕು ಹಿರಿಯದೆ, ಮಸಾಲೆ ಅರೆಯದೆ, ಸೋಮವಾರ ಏಕಾದಶಿಗಳನ್ನೂ ಕೆಡಿಸಿಕೊಳ್ಳದೆ ನಾವು ಹೆಚ್ಚುಕಡಿಮೆ ಮುಗಿಸಿದ್ದೇವೆ. ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಕಟ್ಟುವ ಈ ಜಿಲ್ಲೆಯಲ್ಲಿ ಇಂಥ ಸಾಧನೆಗೆ ಒಂದು ಸಣ್ಣ ಸತ್ಕಾರ ಸಮಾರಂಭವೂ ನಡೆದಿಲ್ಲ ಎನ್ನುವುದು ವಿಷಾದದ ಸಂಗತಿ.

ಹಿಂದಿನ ಬೇಟೆಗಾರರ ಪಾಡನ್ನು ನೆನೆದರೆ ಕರುಣೆ ಬರುತ್ತದೆ. ಬಾಬರನು ತನ್ನ ಆತ್ಮಕಥೆಯಲ್ಲಿ ಈ ಹಕ್ಕಿಯನ್ನು ಹೊಗಳಿದ್ದಾನೆ: ಕೆಲವು ಹಕ್ಕಿಗಳ ತೊಡೆ ರುಚಿ, ಕೆಲವುಗಳ ಎದೆ ರುಚಿ, ಇದರದ್ದಾದರೆ ಮೈಯೆಲ್ಲ ರುಚಿ ಎಂಬ ಅರ್ಥದಲ್ಲಿ. ಪಾಪ, ಅದನ್ನು ತಿಳಿಯಲು ಅವನು ಮಧ್ಯ ಏಷ್ಯಾದಿಂದ ದಂಡು ಕಟ್ಟಿಕೊಂಡು ಬರಬೇಕಾಯಿತು. ನಮ್ಮ ಪಕ್ಕದ ಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆಸಿದಾಗ ಡೇಗೆ ಬಿಟ್ಟು ಹಕ್ಕಿ ಹಿಡಿಸುವುದಕ್ಕೂ, ಹಿಡಿದದ್ದನ್ನು ಬೇಯಿಸುವುದಕ್ಕೂ ಬೇರೆಬೇರೆ ಅಧ್ಯಾಯ ಇಡಬೇಕಾಯಿತು. ಒಂದು ಹಕ್ಕಿ ತಿನ್ನಲು ಒಂದು ವಿಶ್ವಕೋಶ! ಇವರೆಲ್ಲರಿಗಿಂತ ದುಡಿದವನು ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಸಾಹೇಬ. ಪಕ್ಕದ ಅಹಮದನಗರ ಜಿಲ್ಲೆಯಲ್ಲಿ 1809ರಿಂದ 1829ರ ತನಕ ಅವನು ಹೊಡೆದ ಮಾಳಢೋಕಗಳ ಲೆಕ್ಕ 961 ಎಂದು ಪಕ್ಷಿಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ವರ್ಷಕ್ಕೆ ಸರಾಸರಿ 48. ಬಿಸಿಲಲ್ಲಿ ಕುದುರೆ ಏರಿ, ಬೆವರು ಸುರಿಸಿ, ಇಪ್ಪತ್ತು ವರ್ಷ ವಾರಕ್ಕೊಂದರಂತೆ ಹೊಡೆದರೂ ಅವನಿಗೆ ಹಕ್ಕಿ ಮುಗಿಸಲು ಆಗಲಿಲ್ಲ. ಅವನು ಹೋದ ಮೇಲೂ ಮಾಳದಲ್ಲಿ ಹಕ್ಕಿ ಉಳಿದಿತ್ತು. ಕೌಶಲದ ಕೊರತೆ, ಬೇರೇನಿಲ್ಲ.

ನಾವು ಕೆಲಸ ಶುರುಮಾಡಿದ ರೀತಿಯನ್ನು ನೋಡಿ. 1979ರಲ್ಲಿ ನಮ್ಮ ನಾನ್ನಜದ ಸುತ್ತಿನಿಂದ ಹಿಡಿದು ಅಹಮದನಗರದವರೆಗೆ 8,496 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಈ ಹಕ್ಕಿಗೆ ಬರೆದುಕೊಟ್ಟೆವು. ಕೊಡುವ ಕೈ ದೊಡ್ಡದಿರಬೇಕು. ಅದರೊಳಗೆ ಊರು, ಪೇಟೆ, ಹೊಲ, ಹೆದ್ದಾರಿ ಎಲ್ಲ ಬಂದವು. ತನ್ನ ಹೆಸರಿನಲ್ಲಿ ಇಷ್ಟು ಆಸ್ತಿ ಇದೆ ಎಂದು ಹಕ್ಕಿಗೆ ಗೊತ್ತಿರಲಿಲ್ಲ, ಇದ್ದಿದ್ದರೆ ನಾಚಿಕೊಳ್ಳುತ್ತಿತ್ತು. ಮರುವರ್ಷವೇ ಉಜನಿ ಅಣೆಕಟ್ಟು ಪೂರ್ತಿಯಾಗಿ ಭೀಮೆಯ ನೀರು ಕಾಲುವೆಗೆ ಬಂತು. ಒಂದು ಕೈಯಲ್ಲಿ ಅಭಯ, ಇನ್ನೊಂದು ಕೈಯಲ್ಲಿ ಕಬ್ಬು. ಈ ಮಾಳಗಳಲ್ಲಿ ಮಳೆ ಕಡಿಮೆ, ಹುಲ್ಲು ಮೊಳಕಾಲುದ್ದ. ಆ ಹುಲ್ಲಿನ ನಡುವೆ ನಿಂತು ನಾಲ್ಕೂ ಕಡೆ ದೂರ ನೋಡಿದರೆ ಮಾತ್ರ ಮಾಳಢೋಕದ ಜೀವಕ್ಕೆ ಧೈರ್ಯ. ಆಳೆತ್ತರದ ಕಬ್ಬು ಅದರ ದಿಕ್ಕನ್ನೇ ಮುಚ್ಚಿತು. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದಾಯಿತು. ಹೀಗೆ ಸಿಹಿಯಲ್ಲಿ ಮುಗಿಸಿದ ಬೇಟೆ ಜಗತ್ತಿನಲ್ಲಿ ಇನ್ನೆಲ್ಲಿದೆ?

ಉಳಿದ ಹುಲ್ಲುಗಾವಲನ್ನು ಸರಕಾರಿ ದಫ್ತರು ಪಡಭೂಮಿ ಎಂದು ಬರೆದುಕೊಂಡಿತು. ಪಡಭೂಮಿ ಕಂಡರೆ ಸುಮ್ಮನಿರುವ ಜನ ನಾವಲ್ಲ, ಗಿಡ ನೆಟ್ಟೆವು. ಶಾಲೆಯ ಮಕ್ಕಳ ಕೈಯಲ್ಲಿ ನೆಡಿಸಿದೆವು, ಫೋಟೋ ತೆಗೆಸಿದೆವು. ಮರ ಬೆಳೆದಲ್ಲಿ ಮಾಳಢೋಕ ಗೂಡು ಮಾಡುವುದಿಲ್ಲ ಎಂಬುದು ಅದರ ಸ್ವಭಾವದೋಷ, ನಮ್ಮದಲ್ಲ. ಗೂಡು ಎಂದೆನೇ? ಬರಿ ನೆಲದ ಮೇಲೆ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಕುಟುಂಬ ಯೋಜನೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಪ್ರಜೆ ಈ ದೇಶದಲ್ಲಿ ಮತ್ತೊಂದಿಲ್ಲ. ಆ ಒಂದು ಮೊಟ್ಟೆಯನ್ನು ದನ ತುಳಿದರೆ, ನಾಯಿ ಮೂಸಿದರೆ ಯಾರ ಮೇಲೆ ಕೇಸು ಹಾಕುತ್ತೀರಿ? ಬೆಳೆಗೆ ಹೊಡೆದ ಔಷಧದಿಂದ ಮಿಡತೆ ಸತ್ತರೆ, ಮಿಡತೆ ತಿನ್ನುವವರು ಬೇರೆ ಊಟ ನೋಡಿಕೊಳ್ಳಬೇಕು. ಮಾಳಢೋಕದ ಕಣ್ಣುಗಳು ಪಕ್ಕಕ್ಕಿವೆ, ಎದುರಿನದು ಸರಿಯಾಗಿ ಕಾಣದು. ಭಾರದ ಮೈ, ಥಟ್ಟನೆ ತಿರುಗಲಾರದು. ಹೈಟೆನ್ಷನ್ ತಂತಿಗೆ ಬಡಿದು ಬೀಳುತ್ತದೆ. ರಾಜಸ್ಥಾನ, ಗುಜರಾತಿನಲ್ಲಿ ಇದು ಸುಪ್ರೀಂ ಕೋರ್ಟಿನ ತನಕ ಹೋಗಿ, ತಂತಿಯನ್ನು ನೆಲದೊಳಗೆ ಹಾಕಿ ಎಂದು 2021ರಲ್ಲಿ ಆದೇಶವಾಯಿತು, 2024ರಲ್ಲಿ ಸಡಿಲವೂ ಆಯಿತು. ನೋಡಿ, ಕೋರ್ಟಿಗೂ ಎರಡು ಕಡೆ ಯೋಚಿಸಬೇಕಾಗುತ್ತದೆ. ಕೋವಿಗಾದರೆ ಒಂದೇ ಕಡೆ.

ಅಷ್ಟರಲ್ಲಿ ಅಭಯಾರಣ್ಯದ ಗೆರೆಯೊಳಗೆ ಸಿಕ್ಕ ರೈತರು ಹೊಲ ಮಾರಲಾರದೆ, ಕಟ್ಟಡ ಕಟ್ಟಲಾರದೆ ಒದ್ದಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. 8,496 ಇದ್ದದ್ದು 1,222 ಚದರ ಕಿಲೋಮೀಟರಿಗೆ ಇಳಿಯಿತು. ಗಣತಿಗೆ ಹೋದವರು ಈಗ ಒಂದು ಕಂಡರೆ ಹಬ್ಬ ಮಾಡುತ್ತಾರೆ. ಒಂದೇ ಹಕ್ಕಿ ಎಂದುಕೊಂಡರೂ ತಲಾ 1,222 ಚದರ ಕಿಲೋಮೀಟರ್! ಮುಂಬಯಿಯಲ್ಲಿ ಚಾಳಿನ ಖೋಲಿ ಸಿಗದೆ ಪರದಾಡುವ ನಮ್ಮ ಹುಡುಗರು ಹೊಟ್ಟೆಕಿಚ್ಚು ಪಡಬೇಕು.

ಗಡಿಯಾಚೆಯ ನಮ್ಮವರೂ ಹಿಂದೆ ಬಿದ್ದಿಲ್ಲ. ಸಿರುಗುಪ್ಪದ ಎರೆಯಲ್ಲಿ ಉಳಿದವು ಕೆಲವೇ ಕೆಲವು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ನಮ್ಮ ಅಕ್ಕಲಕೋಟ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು, ಸೇರಲಿಲ್ಲ. ಎರಡೂ ರಾಜ್ಯಗಳು ಅಂದಿನಿಂದ ಒಮ್ಮತಕ್ಕೆ ಬಂದ ವಿಷಯವೆಂದರೆ ಬಹುಶಃ ಈ ಹಕ್ಕಿಯನ್ನು ಮುಗಿಸುವುದೊಂದೇ.

ನೀತಿಯ ಪ್ರಶ್ನೆ ಎತ್ತುವವರಿಗೆ ನಮ್ಮಲ್ಲಿ ಶಾಸ್ತ್ರಾಧಾರವೂ ಇದೆ. ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಹಿಟ್ಟಿನ ಕೋಳಿ ನೆನಪಿರುತ್ತದೆ. ಜೀವವನ್ನು ಕೊಲ್ಲಲಾರೆನೆಂದ ರಾಜ, ತಾಯಿಯ ಒತ್ತಾಯಕ್ಕೆ ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ಹಿಟ್ಟೇ ಆದರೂ ಕೊಲ್ಲುವ ಸಂಕಲ್ಪ ಇತ್ತಲ್ಲ, ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಪಕ್ಷಿಗಳಾಗಿ ಹುಟ್ಟಿ ಸಾಯುತ್ತಾರೆ. ಅಲ್ಲಿ ಕೊಲೆ ಇಲ್ಲ, ಸಂಕಲ್ಪ ಇತ್ತು, ಪಾಪ ಬಂತು. ನಮ್ಮಲ್ಲಿ ಸಂಕಲ್ಪ ಯಾರದು? ಕಬ್ಬು ಹಚ್ಚಿದವನ ಮನಸ್ಸಿನಲ್ಲಿದ್ದದ್ದು ಮಗಳ ಮದುವೆ. ತಂತಿ ಎಳೆದವನ ತಲೆಯಲ್ಲಿದ್ದದ್ದು ಟೆಂಡರಿನ ಗಡುವು. ಗಿಡ ನೆಟ್ಟ ಮಗುವಿಗೆ ಸಿಕ್ಕದ್ದು ಒಂದು ಬಿಸ್ಕತ್ ಪೊಟ್ಟಣ. ಹಕ್ಕಿ ಮಾತ್ರ ನಿಜವಾದದ್ದು, ಹಿಟ್ಟಿನದಲ್ಲ; ಅದು ಸತ್ತದ್ದೂ ನಿಜ. ಆದರೆ ಸಂಕಲ್ಪವಿಲ್ಲದ ಮೇಲೆ ಜನ್ನನ ಲೆಕ್ಕದಲ್ಲಿ ನಾವು ಶುದ್ಧರು. ಬರುವ ಜನ್ಮದಲ್ಲಿ ಕೋಳಿಯಾಗಿ ಹುಟ್ಟುವ ಭಯ ನಮ್ಮ ಜಿಲ್ಲೆಗಿಲ್ಲ.

ಆ ಭಯ ಇರಬೇಕಾದದ್ದು ಫಾಸೆಪಾರ್ಧಿಗಳಿಗೆ. ಹಗ್ಗದ ಕುಣಿಕೆ ಹಾಸಿ ಗೌಜಲ, ಬುರ್ಲಿ ಹಿಡಿಯುವ ಜನ. ಹಿಂದೆ ಸಂತೆಗಳಲ್ಲಿ ಇವರ ಹೆಂಗಸರು ಬುಟ್ಟಿಯಲ್ಲಿ ಜೀವಂತ ಹಕ್ಕಿ ತಂದು ಮಾರುತ್ತಿದ್ದರು. ಬೇಟೆಯಲ್ಲಿ ಇವರೆಷ್ಟು ಹಿಂದುಳಿದವರು ಎಂಬುದನ್ನು ಮಾಧವ ಗಾಡ್ಗೀಳ, ಕೈಲಾಸ ಮಲ್ಹೋತ್ರಾ ಮುಂತಾದ ಸಂಶೋಧಕರು ಅಧ್ಯಯನ ಮಾಡಿ ಬರೆದಿದ್ದಾರೆ. ಕುಣಿಕೆಗೆ ಗಬ್ಬದ ಚಿಗರಿ ಬಿದ್ದರೆ, ಎಳೆ ಮರಿ ಬಿದ್ದರೆ ಬಿಚ್ಚಿ ಬಿಡುತ್ತಿದ್ದರಂತೆ. ಅಷ್ಟೇ ಅಲ್ಲ, ಅಲೆಮಾರಿ ಜನಗಳಲ್ಲೇ ನಂದಿವಾಲರು ಹಂದಿಯನ್ನು, ವೈದುಗಳು ಸಣ್ಣ ಪ್ರಾಣಿಗಳನ್ನು, ಪಾರ್ಧಿಗಳು ಚಿಗರಿ ಮತ್ತು ಹಕ್ಕಿಗಳನ್ನು ಹಿಡಿಯುತ್ತ ಒಬ್ಬರ ಬೇಟೆಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲವಂತೆ. ಮುಂದಿನ ವರ್ಷಕ್ಕೂ ಬೇಟೆ ಉಳಿಯಲಿ ಎನ್ನುವ ಈ ದರಿದ್ರ ಬುದ್ಧಿಯಿಂದಲೇ ಅವರು ಉದ್ಧಾರವಾಗಲಿಲ್ಲ. ಬ್ರಿಟಿಷರು 1871ರ ಕಾಯಿದೆ ತಂದು ಇಂಥ ಹಲವು ಜಾತಿಗಳನ್ನು ಹುಟ್ಟಾ ಅಪರಾಧಿಗಳೆಂದು ಸಾರಿದರು. ಸೊಲ್ಲಾಪುರದಲ್ಲಿ ಅವರನ್ನು ತಂತಿಬೇಲಿಯ ಸೆಟ್ಲ್‌ಮೆಂಟಿನಲ್ಲಿ ಕೂಡಿಹಾಕಿ ಗಿರಣಿಗೆ ದುಡಿಯಲು ಕಳಿಸಿದರು. 961 ಹೊಡೆದವನು ಸಾಹೇಬ, ಕುಣಿಕೆ ಹಾಕಿದವನು ಕಳ್ಳ: ಕಾನೂನು ಎಂದರೆ ಹೀಗೆ ಸ್ಪಷ್ಟವಾಗಿರಬೇಕು. 1952ರಲ್ಲಿ ಆ ಕಾಯಿದೆ ಹೋಯಿತು. ಇಪ್ಪತ್ತು ವರ್ಷಕ್ಕೆ ವನ್ಯಜೀವಿ ಕಾಯಿದೆ ಬಂತು. ಮಾಳಢೋಕ ಅದರ ಮೊದಲ ಪಟ್ಟಿಯಲ್ಲಿದೆ. ಹೊಡೆದವನಿಗೆ 3ರಿಂದ 7 ವರ್ಷ ಸೆರೆ. ಗೌಜಲ ಹಿಡಿದರೂ ಬಿಡುವುದಿಲ್ಲ. ಕಬ್ಬು ಹಚ್ಚಿದರೆ ಸೊಸೈಟಿಯ ಸಾಲ.

ಬಾಯಿಚಪಲದವರನ್ನು ಮರೆತರೆ ಅಭಿನಂದನೆ ಅಪೂರ್ಣವಾದೀತು. ರಾತ್ರಿ ಹತ್ತಕ್ಕೆ ಹೆದ್ದಾರಿಯ ಡಾಬಾದ ಮೂಲೆ ಟೇಬಲ್ಲಿನಲ್ಲಿ ಕೂತು ಅವರು ದನಿ ಇಳಿಸುತ್ತಾರೆ:

“ಏನ್ರೀ ಮಾಲಕರ, ಅದು ಐತೇನ್ರೀ?”

“ಯಾವದ್ರೀ ಸಾಹೇಬ್ರ?”

“ಅದ ರೀ... ಅಡವೀದು.”

“ನಿಮಗಂತನ ತೆಗದಿಟ್ಟೀನ್ರೀ.”

ಬರುವುದು ಫಾರ್ಮಿನ ಜಪಾನಿ ಲಾವಕ್ಕಿ, ಖಾರ ಎರಡು ಪಟ್ಟು. ಅಡವಿಯ ದರ ಕೊಟ್ಟು, ಕಾನೂನು ಮುರಿದ ಪುಲಕ ಅನುಭವಿಸಿ, ಕಾನೂನು ಮುರಿಯದೆ ಮನೆಗೆ ಹೋಗುತ್ತಾರೆ. ಇವರಿಗೆ ಜನ್ನನ ನಿಯಮ ತೊಂದರೆ ಕೊಟ್ಟೀತು, ಇವರದು ಹಿಟ್ಟಿನ ಕೋಳಿಯ ಪ್ರಕರಣ. ಮರುದಿನ ಪಾರ್ಧಿಯೊಬ್ಬ ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಓದಿ, “ಇಂಥವರಿಂದಲೇ ನಿಸರ್ಗ ಹಾಳಾಯಿತು” ಎಂದು ಗ್ರೂಪಿಗೆ ಫಾರ್ವರ್ಡ್ ಮಾಡುವವರೂ ಇವರೇ. ಕುರನೂರು ಜಲಾಶಯಕ್ಕೆ ಚಳಿಗಾಲದ ಹಕ್ಕಿ ಬಂದಾಗ ಮೊಬೈಲಿನಲ್ಲಿ ಚಿತ್ರ ತೆಗೆಯುವಾಗಲೂ ತೂಕ ಅಂದಾಜು ಮಾಡುತ್ತಿರುತ್ತಾರೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ನಾನು ಅದನ್ನು ನಂಬುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಹಕ್ಕಿಯ ಮಾಂಸ ನಾಲಿಗೆಗೆ ತಾಗಿಸಿದವನಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅಕ್ಕಲಕೋಟಕ್ಕೆ ಹೋದ ದಿನ ಅನ್ನಛತ್ರದ ಪ್ರಸಾದ. ಹಾಗೆಂದು ಈ ಸಾಮೂಹಿಕ ಬೇಟೆಯಲ್ಲಿ ನನ್ನ ಪಾಲಿಲ್ಲ ಎಂದು ಯಾರೂ ತಿಳಿಯಬಾರದು. ದಿನಕ್ಕೆ ನಾಲ್ಕು ಕಪ್ ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಮ್ಯಾನ್ಸ್‌ಫೀಲ್ಡ್ ಸಾಹೇಬನಷ್ಟಲ್ಲದಿದ್ದರೂ ಕೈಲಾದಷ್ಟು ಸೇವೆ ಸಲ್ಲಿಸಿದ್ದೇನೆ.

ಆದ್ದರಿಂದ ಸತ್ಕಾರ ಆಗಲೇಬೇಕು. ಶಾಲು ಬೇಡ, ಸೊಲ್ಲಾಪುರದ ಚಾದರವನ್ನೇ ಹೊದಿಸೋಣ. ಮಗ್ಗದವರಿಗೂ ನಾಲ್ಕು ಕಾಸು ಸಿಗಲಿ. ತೊಡಕು ಒಂದೇ: ಯಾರನ್ನು ಬಿಡುವುದು? ಕಬ್ಬಿನವರು, ಕಾರ್ಖಾನೆಯವರು, ತಂತಿಯವರು, ಗಿಡದವರು, ಗೆರೆ ಎಳೆದವರು, ಗೆರೆ ಅಳಿಸಿದವರು, ಚಹಾದವರು... ಹೆಸರು ಬರೆಯುತ್ತ ಹೋದರೆ ಮತದಾರರ ಪಟ್ಟಿಯನ್ನೇ ಲಗತ್ತಿಸುವುದು ಸುಲಭ ಎನಿಸಿತು. ಬೇಟೆಯ ವಿಷಯ ಬಲ್ಲವನು ಒಬ್ಬನಾದರೂ ವೇದಿಕೆಯ ಮೇಲಿರಲಿ ಎಂದು ಒಬ್ಬ ಪಾರ್ಧಿಯನ್ನು ಕರೆಯುವ ಸೂಚನೆಯೂ ಬಂತು. ವಿಚಾರಿಸಿದೆವು. ಅವನಿಗೆ ಆ ದಿನ ಬರಲಾಗುವುದಿಲ್ಲವಂತೆ: ಎರಡು ಗೌಜಲದ ಕೇಸು, ಕೋರ್ಟಿನಲ್ಲಿ ತಾರೀಖಿದೆ.