ಓಡಿಸಿದವ ಯಾರು?

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮಗೂ ಪಕ್ಕದ ಮನೆಯವರಿಗೂ ನಡುವೆ ಇರುವುದು ಮೂರೆಳೆ ಮುಳ್ಳುತಂತಿ, ಅದರ ಮೇಲೊಂದು ಅವರೆಬಳ್ಳಿ. ಬಳ್ಳಿ ನಮ್ಮದು, ಕಾಯಿ ಬಿಡುವುದು ಮಾತ್ರ ಅತ್ತ ಕಡೆ. ಆ ಬಾಕಿಯನ್ನು ಪಕ್ಕದ ಮನೆಯ ಕಾಕಾ ಕರಿಬೇವಿನಲ್ಲಿ ತೀರಿಸುತ್ತಾರೆ. ಹುಬ್ಬಳ್ಳಿ ಕಡೆಯವರು. ಸಾರಿಗೆ ಸಂಸ್ಥೆಯಲ್ಲಿ ಡ್ರೈವರಾಗಿದ್ದು ನಿವೃತ್ತರಾಗಿ, ಈಗ ಮಗನ ಜೊತೆ ದೆಹಲಿಯಲ್ಲಿದ್ದಾರೆ. ಹಿಂದಿ ಮಾತಾಡಲು ಬರುತ್ತದೆ, ಹಿಂದಿಯಲ್ಲಿ ಬಯ್ಯಲು ಬರುವುದಿಲ್ಲವಂತೆ. ಹಾಗಾಗಿ ಊರಿನವರ ಮೇಲಿನ ಬಯ್ಗುಳವೆಲ್ಲ ಬೇಲಿ ದಾಟಿ ನನ್ನ ಕಿವಿಗೇ ಬೀಳುತ್ತದೆ.

ಮೊನ್ನೆಯ ಬಯ್ಗುಳ ನಮ್ಮ ಬ್ಲಾಕಿನ ಮೂಲೆಮನೆಯ ಹುಡುಗನ ಮೇಲೆ. ಹನ್ನೊಂದನೇ ಕ್ಲಾಸು, ಮೀಸೆ ಈಗಷ್ಟೇ ಚಿಗುರುತ್ತಿದೆ. ಬುಲೆಟ್ ಗಾಡಿಗೆ ಸೈಲೆನ್ಸರ್ ಬದಲಾಯಿಸಿಕೊಂಡು ಮಾರ್ಕೆಟ್ಟಿನಿಂದ ಆಫ್ರಿಕಾ ಅವೆನ್ಯೂ ತನಕ ಢಬಢಬ ಎನ್ನಿಸುತ್ತಾ ಹೋಗುತ್ತಾನೆ. ಅವತ್ತು ತರಕಾರಿ ಗಾಡಿಗೆ ಗುದ್ದಿದ. ಗಾಡಿಯವನು ಮೊಣಕೈ ಒರೆಸಿಕೊಂಡು ಎದ್ದ. ಟೊಮೇಟೊ ಚರಂಡಿ ಸೇರಿತು, ತಕ್ಕಡಿಯ ಒಂದು ತಟ್ಟೆ ಮಡಚಿಹೋಯಿತು. ಹುಡುಗನ ಅಪ್ಪ ಬಂದವರು ಎರಡು ನೋಟು ಕೊಟ್ಟು, "ಬಚ್ಚಾ ಹೈ, ಜಾನೇ ದೋ" ಎಂದರು. ಇದೇ ಮೊದಲೂ ಅಲ್ಲ. ದೀಪಾವಳಿಗೆ ಮುಂಚೆ ಒಬ್ಬರ ಸ್ಕೂಟಿ, ಅದಕ್ಕೂ ಮುಂಚೆ ಪಾರ್ಕಿನ ಗೇಟು.

"ಸಣ್ಣಾಂವ ಅಂತ ಅವರಪ್ಪಗ ಗೊತ್ತೈತಲ್ಲ ತಂಗಿ, ಗೊತ್ತಿದ್ದ ಮ್ಯಾಲೆ ಕೀಲಿ ಯಾಕ ಕೊಟ್ಟ?" ಎಂದರು ಕಾಕಾ.

ಈ ಪ್ರಶ್ನೆಯನ್ನು ಕಾಯಿದೆಯೂ ಕೇಳಿದೆ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾದಾಗ 199ಎ ಎಂಬ ಕಲಂ ಸೇರಿತು. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತಿರಲಿಲ್ಲ", "ನಾನು ಬೇಡವೆಂದಿದ್ದೆ" ಎನ್ನುವುದಾದರೆ ಅದನ್ನು ಅಪ್ಪನೇ ಸಾಬೀತು ಮಾಡಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಮಕ್ಕಳ ಕೈಗೆ ಬೈಕ್ ಕೊಟ್ಟ ಅಪ್ಪಂದಿರಿಗೆ ನ್ಯಾಯಾಲಯಗಳು 25,000 ದಂಡ ಹಾಕಿದ ಸುದ್ದಿಗಳನ್ನು ನಾನೇ ಕಾಕಾಗೆ ಓದಿ ಹೇಳಿದ್ದೇನೆ. ಅವರಿಗೆ ಭಾರಿ ಖುಷಿ. "ನಮ್ಮ ಕಡೆ ಜಡ್ಜ್ ಸಾಹೇಬ್ರು ಬರೋಬ್ಬರಿ ಅದಾರ. ಇಲ್ಲಿ ರಾಜಧಾನ್ಯಾಗ ಏನ್ ರೋಗ?"

ರಾಜಧಾನಿಯ ರೋಗ ಹಳೆಯದು. 2016ರ ಏಪ್ರಿಲ್‌ನಲ್ಲಿ ಸಿವಿಲ್ ಲೈನ್ಸ್‌ನಲ್ಲಿ ಒಬ್ಬ ಹುಡುಗ ಅಪ್ಪನ ಮರ್ಸಿಡಿಸ್ ಓಡಿಸಿಕೊಂಡು ಬಂದು, ರಸ್ತೆ ದಾಟುತ್ತಿದ್ದ ಮೂವತ್ತೆರಡು ವರ್ಷದವರೊಬ್ಬರನ್ನು ಕೊಂದ. ಹದಿನೆಂಟು ತುಂಬಲು ಕೆಲವೇ ದಿನ ಬಾಕಿಯಿತ್ತು. ಅವನ ಮೇಲೆ ಅದಕ್ಕೂ ಮೊದಲೇ ಸಂಚಾರ ದಂಡ ಬಿದ್ದಿತ್ತು ಎಂದು ಆಗ ಪೊಲೀಸರೇ ಹೇಳಿದ್ದರು. ಎಂದರೆ ನಗರಕ್ಕೆ ಅವನು ಹೊಸಬನಲ್ಲ. ದಂಡ ಕಟ್ಟಿ, ರಸೀದಿ ಇಸಿದುಕೊಂಡು, ಮತ್ತೆ ಅದೇ ಸೀಟಿನಲ್ಲಿ ಕೂತವನು. ಅವನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕೇ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕನಿಷ್ಠ ಏಳು ವರ್ಷ ಶಿಕ್ಷೆ ಎಂದು ಕಾಯಿದೆಯಲ್ಲಿ ಬರೆದಿಲ್ಲದ ಅಪರಾಧವನ್ನು 'ಘೋರ' ಎಂದು ಕರೆಯಲು ಬರುವುದಿಲ್ಲ, ಬಾಲಕನೆಂದೇ ವಿಚಾರಣೆ ನಡೆಯಲಿ ಎಂದು 2020ರ ಜನವರಿಯಲ್ಲಿ ತೀರ್ಪು ಬಂತು. ಕಾನೂನಿನ ಮಾತಾಗಿ ಅದು ಸರಿಯೇ ಇರಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಆಮೇಲೆ ಪರಿಹಾರದ ನ್ಯಾಯಮಂಡಳಿ ಹೇಳಿದ್ದು: ಮಗನನ್ನು ತಡೆಯದ ತಂದೆಯ ಪಾಲೂ ಇದರಲ್ಲಿದೆ ಎಂದು. ಸುಮಾರು ಎರಡು ಕೋಟಿ ಪರಿಹಾರ ಕೊಡಿ ಎಂದಿತು. ಅಷ್ಟು ಹೊತ್ತಿಗೆ ಎಂಟು ವರ್ಷ ಕಳೆದಿತ್ತು.

ಮೊದಲ ದಂಡದ ದಿನವೇ ಯಾರಾದರೂ ಆ ಮನೆಯ ಬಾಗಿಲು ತಟ್ಟಿದ್ದರೆ?

"ಡಿಪೋದಾಗ ತಟ್ಟತಿದ್ರು," ಎಂದರು ಕಾಕಾ. "ಬಸ್ ನಂಬರ್ ಹೇಳಿದ್ರ ಸಾಕು. ಯಾವ ತಾರೀಕು, ಯಾವ ಶೆಡ್ಯೂಲು, ಸ್ಟೇರಿಂಗ್ ಮ್ಯಾಲೆ ಯಾಂವ ಇದ್ದ, ಅವನ ಬಿಲ್ಲೆ ನಂಬರ್ ಎಷ್ಟು, ಎಲ್ಲಾ ಲಾಗ್‌ಶೀಟಿನ್ಯಾಗ ಇರ್ತಿತ್ತು. ಮೊದಲನೇ ಸಲ ಮೆಮೊ. ಎರಡನೇ ಸಲ ಇನ್‌ಕ್ರಿಮೆಂಟ್ ಕಟ್. ಮೂರನೇ ಸಲ ಮ್ಯಾನೇಜರ್ ಮುಂದ ನಿಂತು ಕಾಲು ನಡಗತಿದ್ವು. ನಾ ಏನ್ ದೇವ್ರಂಥಾ ಡ್ರೈವರ್ ಅಲ್ಲವಾ. ಬರದಿಡ್ತಾರ ಅನ್ನೋ ಅಂಜಿಕಿಗೆ ನೆಟ್ಟಗ ಹೊಡೀತಿದ್ದೆ."

ಅಪಘಾತವಿಲ್ಲದೆ ವರ್ಷಗಟ್ಟಲೆ ಓಡಿಸಿದ್ದಕ್ಕೆ ಸಂಸ್ಥೆ ಕೊಟ್ಟ ಬೆಳ್ಳಿ ಪದಕ ಅವರ ಹತ್ತಿರ ಇದೆ. ಒಮ್ಮೆ ಒಳಗಿನಿಂದ ತಂದು ಬೇಲಿಯ ಮೇಲಿಂದಲೇ ತೋರಿಸಿದರು. ನಾಲ್ಕಾಣೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡದು, ಹಿಂದುಗಡೆಯ ಪಿನ್ನು ಸವೆದು ಸೊಟ್ಟಗಾಗಿದೆ. ಡ್ಯೂಟಿಯ ದಿನಗಳಲ್ಲಿ ಎದೆಯ ಮೇಲೇ ಇರುತ್ತಿತ್ತಂತೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಮನುಷ್ಯನ ಹೆಸರಿಗೇ ಬರೆಯುತ್ತಿದ್ದರು ಎನ್ನುವುದಕ್ಕೆ ಅದು ಸಾಕ್ಷಿ.

ಖಾಸಗಿ ಗಾಡಿಯ ಲೆಕ್ಕ ಹಾಗಿಲ್ಲ. ದೆಹಲಿಯ ಕ್ಯಾಮೆರಾ ವೇಗ ಹಿಡಿಯುತ್ತದೆ, ಕೆಂಪುದೀಪ ದಾಟಿದ್ದನ್ನೂ ಹಿಡಿಯುತ್ತದೆ. ಆದರೆ ಅದು ಓದುವುದು ನಂಬರ್ ಪ್ಲೇಟನ್ನು. ಚಲನ್ ಹೋಗುವುದು ಮಾಲೀಕನ ಮೊಬೈಲಿಗೆ. ಓಡಿಸಿದವ ಮಗನೋ ಭಾಮೈದನೋ ಸಂಬಳದ ಡ್ರೈವರೋ, ಯಾರೂ ಕೇಳುವುದಿಲ್ಲ. ಲೈಸೆನ್ಸಿನ ವಿವರ 'ಸಾರಥಿ' ಎಂಬ ಸರ್ಕಾರಿ ಕಡತದಲ್ಲಿದೆ, ಗಾಡಿಯ ವಿವರ 'ವಾಹನ್' ಎಂಬ ಇನ್ನೊಂದರಲ್ಲಿ. ಚಲನ್ ಗಾಡಿಯ ಲೆಕ್ಕಕ್ಕೆ ಬಿದ್ದು ಅಲ್ಲೇ ಕೊಳೆಯುತ್ತದೆ. ಲೈಸೆನ್ಸೇ ಇಲ್ಲದವನಿಗಂತೂ ಇನ್ನೂ ಆರಾಮ. ಅವನ ಹೆಸರು ಯಾವ ಕಡತದಲ್ಲೂ ಇಲ್ಲವಲ್ಲ!

ಓಡಿಸಿದವನನ್ನು ಪತ್ತೆ ಮಾಡಲು ದಾರಿಯೇ ಇಲ್ಲವೆಂದಲ್ಲ. ಅದೇ ಕಾಯಿದೆಯ 133ನೇ ಕಲಂ ಪ್ರಕಾರ, ಆ ಹೊತ್ತಿನಲ್ಲಿ ಯಾರು ಓಡಿಸುತ್ತಿದ್ದರು, ಅವರ ಲೈಸೆನ್ಸ್ ಯಾವುದು ಎಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ಆದರೆ ಈ ನೋಟಿಸು ಹೊರಡುವುದು ಸಾಮಾನ್ಯವಾಗಿ ಯಾರಾದರೂ ಸತ್ತ ಮೇಲೆ. ವೇಗದ ಚಲನ್ ಜೊತೆಗೇ ಆ ಪ್ರಶ್ನೆಯನ್ನೂ ಕಳಿಸಿದರೆ ಏನು ಕಷ್ಟ ಎಂದು ನನಗೆ ತಿಳಿಯದು. ಅಪ್ಪ ಒಂದು ಹೆಸರು ಬರೆಯಲಿ. ಲೈಸೆನ್ಸ್ ನಂಬರೂ ಬರೆಯಲಿ. ಮಗನ ಹೆಸರು ಬರೆದರೆ 199ಎ, ತನ್ನದೇ ಬರೆದುಕೊಂಡರೆ ಲೆಕ್ಕ ತನ್ನ ತಲೆಗೆ. ಎರಡು ಸಲ ಬರೆಯುವಷ್ಟರಲ್ಲಿ ಕೀಲಿ ಬೀರುವಿನೊಳಗೆ ಹೋಗುತ್ತದೆ.

ಈಗ ನಡೆಯುವುದು ಬೇರೆ. ಚಲನ್ ಬಂದರೆ ಯಾರೂ ಕಟ್ಟುವುದಿಲ್ಲ, ಲೋಕ ಅದಾಲತ್ ಬರಲಿ ಎಂದು ಕಾಯುತ್ತಾರೆ. ಕೆಲವು ದಿನ ಮೊದಲು ಟೋಕನ್ನಿಗೆ ಲಿಂಕ್ ತೆರೆಯುತ್ತದೆ, ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಹಬ್ಬ. "ಪಟಿಯಾಲಾ ಹೌಸ್ ಸಿಕ್ತು", "ನಮಗೆ ದ್ವಾರಕಾ". ಅಲ್ಲಿ ಸಾಲಿನಲ್ಲಿ ನಿಂತರೆ ಸಾವಿರಗಳು ನೂರುಗಳಾಗುತ್ತವೆ. ಬೆಂಗಳೂರಿನವರೂ ಕಡಿಮೆಯಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಎಂದಾಗ ಆಷಾಢದ ಸೀರೆ ಸೇಲಿಗೆ ಬಿದ್ದ ಹಾಗೆ ಬಿದ್ದರು. ನೂರು ಕೋಟಿಗೂ ಮೀರಿ ಬಂತು. ಹಣ ಬಂದದ್ದು ಸರಿ. ಅಷ್ಟು ಜನರಲ್ಲಿ ಎಷ್ಟನೇ ಸಲ ಯಾರು ಕೆಂಪುದೀಪ ದಾಟಿದ್ದರು ಎಂಬುದು ಆ ರಿಯಾಯಿತಿಯಲ್ಲೇ ತೊಳೆದುಹೋಯಿತು. ಮೊದಲ ಸಲ ತಪ್ಪಿದವನಿಗೂ ಹತ್ತನೇ ಸಲ ತಪ್ಪಿದವನಿಗೂ ಒಂದೇ ದರ.

ಲೈಸೆನ್ಸ್ ಅಮಾನತು ಮಾಡಲು ಅಧಿಕಾರ ಹಿಂದಿನಿಂದಲೂ ಇದೆ. ಕೆಂಪುದೀಪ ದಾಟಿದರೆ, ಅತಿ ವೇಗದಲ್ಲಿ ಓಡಿಸಿದರೆ, ಕುಡಿದು ಓಡಿಸಿದರೆ, ಓಡಿಸುತ್ತಾ ಮೊಬೈಲ್ ಹಿಡಿದರೆ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿತ್ತು. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ದಂಡ 500ರಿಂದ 5,000ಕ್ಕೆ ಏರಿತು. ಅಪಾಯಕಾರಿ ಚಾಲನೆಗೆ ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕರೆ ಎರಡು ವರ್ಷದವರೆಗೆ ಜೈಲು ಎಂದೂ ಇದೆ. ಎರಡನೇ ಸಲ ಎಂದು ಗೊತ್ತಾಗಬೇಕಲ್ಲ!

ಭಾವನ ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಫ್ಲೆನ್ಸ್‌ಬರ್ಗ್ ಎಂಬ ಊರಿನ ಕಚೇರಿಯಲ್ಲಿ ಇಡೀ ದೇಶದ ಚಾಲಕರ ತಪ್ಪುಗಳಿಗೆ ಅಂಕ ಹಾಕಿ ಇಡುತ್ತಾರೆ. ಎಂಟು ಅಂಕವಾದರೆ ಲೈಸೆನ್ಸ್ ಹೋಯಿತು. ಬ್ರಿಟನ್ನಿನಲ್ಲಿ ಮೂರು ವರ್ಷದೊಳಗೆ ಹನ್ನೆರಡು. ಇದನ್ನು ಕಾಕಾಗೆ ಹೇಳಿದರೆ, "ಹಂಗಾರ ಜರ್ಮನಿ ಅಂದ್ರ ಒಂದ್ ದೊಡ್ಡ ಡಿಪೋ" ಎಂದು ನಕ್ಕುಬಿಟ್ಟರು.

ಡಿಪೋದ ಲೆಕ್ಕವಿಲ್ಲದ ಬಸ್ಸುಗಳನ್ನೂ ದೆಹಲಿ ಕಂಡಿದೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಬ್ಲೂಲೈನ್ ಎಂಬ ಖಾಸಗಿ ಬಸ್ಸುಗಳ ಕಾಲ. ಹಿಂದೆ 1992ರಲ್ಲಿ ರೆಡ್‌ಲೈನ್ ಎಂದು ಶುರುವಾದವು, ಜನ ಸತ್ತು ಹೆಸರು ಕೆಟ್ಟ ಮೇಲೆ ಬಣ್ಣವನ್ನೂ ಹೆಸರನ್ನೂ ಬದಲಿಸಿದರು. ಸಾವು ಬದಲಾಗಲಿಲ್ಲ. ದಿನದ ಗಲ್ಲಾಪೆಟ್ಟಿಗೆಯ ಮೇಲೆ ಡ್ರೈವರ್, ಕಂಡಕ್ಟರ್‌ಗಳ ಹೊಟ್ಟೆಪಾಡು. ಮುಂದಿನ ಸ್ಟಾಪಿನ ಪ್ರಯಾಣಿಕರನ್ನು ಹಿಂದಿನ ಬಸ್ಸು ಎತ್ತಿಕೊಳ್ಳುವ ಮೊದಲು ಇವನು ಎತ್ತಿಕೊಳ್ಳಬೇಕು. ಮುನಿರ್ಕಾ ಸ್ಟಾಪಿನಲ್ಲಿ ಬಸ್ಸು ಪೂರ್ತಿ ನಿಂತದ್ದೇ ಅಪರೂಪ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯ ಮೇಲೆ, "ಚಲೋ ಚಲೋ" ಎಂದು ಬಾಗಿಲಿನ ತಗಡಿಗೆ ಬಡಿಯುವ ಹುಡುಗ. ಅಪಘಾತವಾದರೆ ಡ್ರೈವರ್ ಇಳಿದು ಓಡುತ್ತಿದ್ದ, ಜನ ಬಸ್ಸಿಗೆ ಕಲ್ಲು ಹೊಡೆಯುತ್ತಿದ್ದರು, ಮಾಲೀಕನ ಮುಖ ಮಾತ್ರ ಯಾರೂ ನೋಡುತ್ತಿರಲಿಲ್ಲ. ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ, 2010ರಿಂದೀಚೆಗೆ, ಅವನ್ನು ತೆಗೆದುಹಾಕಿದರು. ಬಸ್ಸು ಹೋಯಿತು. ಓಡಿಸಿದವರೂ ಓಡಿಸಲು ಹಚ್ಚಿದವರೂ ಎಲ್ಲಿ ಹೋದರೋ.

ಇದೇ ಮಾತಿಗೆ ಕಾಕಾ ಕೊಂಚ ಬಿಸಿಯಾದರು. 2024ರ ಜನವರಿಯ ಲಾರಿ ಮುಷ್ಕರದಲ್ಲಿ ಅವರು ಚಾಲಕರ ಪಕ್ಷ. ಗುದ್ದಿ ಸಾಯಿಸಿ, ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಜೈಲು ಎಂದು ಹೊಸ ನ್ಯಾಯಸಂಹಿತೆಯಲ್ಲಿ ಬರೆದದ್ದಕ್ಕೆ ಚಾಲಕರು ಗಾಡಿ ನಿಲ್ಲಿಸಿದ್ದರು. ಸರ್ಕಾರ ಆ ಉಪಕಲಮನ್ನು ತಡೆಹಿಡಿಯಿತು. ಉಳಿದ ಸಂಹಿತೆ ಜುಲೈ 1ರಂದು ಜಾರಿಗೆ ಬಂತು. "ಲಾರಿಯಾಂವ ನಿಂತ್ರ ಜನ ಬಡದು ಸಾಯಿಸ್ತಾರ, ಓಡಿದ್ರ ಹತ್ತು ವರ್ಷ. ಕಾರ್ ಸಾಹೇಬ ಗುದ್ದಿದ್ರ ವಕೀಲ ಬರ್ತಾನ. ಬರಿಯೂದಾದ್ರ ಎಲ್ಲಾರ್ದೂ ಬರೀರಿ ಅಂತೀನಿ ನಾ." ನಾನು ಒಪ್ಪಿದೆ ಅರ್ಧ. ಓಡಿಹೋಗುವವರ ಪರ ವಾದಿಸಲು ನನಗೆ ಮನಸ್ಸಿಲ್ಲ. ಆದರೆ ಎಲ್ಲರದ್ದೂ ಬರೆಯಿರಿ ಎನ್ನುವುದು ನ್ಯಾಯವಾದ ಮಾತು.

ಎಲ್ಲರದ್ದೂ ಬರೆಯುವ ನಿಯಮದ ಒಂದು ತುಂಡು ಈ ದೆಹಲಿಯಲ್ಲೇ ಹುಟ್ಟಿದೆ. 1997ರ ನವೆಂಬರ್‌ನಲ್ಲಿ ವಜೀರಾಬಾದ್ ಸೇತುವೆಯಿಂದ ಶಾಲಾಮಕ್ಕಳ ಬಸ್ಸು ಯಮುನೆಗೆ ಬಿತ್ತು. ಮೂವತ್ತರ ಹತ್ತಿರ ಮಕ್ಕಳು ಹೋದರು. ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸಿಗೆ ನಿಯಮ ಹಾಕಿತು. ಭಾರಿ ವಾಹನ ಓಡಿಸಿ ಐದು ವರ್ಷ ಅನುಭವ ಇರಬೇಕು. ಕೆಂಪುದೀಪ ದಾಟುವಂಥ ತಪ್ಪಿಗೆ ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಚಲನ್ ಆದವನನ್ನು ಇಟ್ಟುಕೊಳ್ಳುವಂತಿಲ್ಲ. ಅತಿ ವೇಗ, ಕುಡಿತ, ಅಪಾಯಕಾರಿ ಚಾಲನೆಗೆ ಒಂದೇ ಒಂದು ಸಲ ಚಲನ್ ಆದವನೂ ಬೇಡ. ಎಷ್ಟು ಸಲ ತಪ್ಪಿದ ಎಂದು ಮನುಷ್ಯನನ್ನು ಹಿಡಿದು ಕೇಳುವ ನಿಯಮ ಇದು.

ನಮ್ಮ ಪಿನ್‌ಕೋಡಿನಲ್ಲಿ ಶಾಲೆಗಳಿಗೆ ಬರವಿಲ್ಲ. ಹನ್ನೆರಡನೇ ಸೆಕ್ಟರಿನಲ್ಲಿ, ದೆಹಲಿ ಕರ್ನಾಟಕ ಸಂಘವಿರುವ ರಾವ್ ತುಲಾರಾಮ್ ಮಾರ್ಗದ ಆಸುಪಾಸಿನಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತು ನೋಡಿ. ಹಳದಿ ಬಸ್ಸು ನಲವತ್ತರ ಮಿತಿಯಲ್ಲಿ ಬಲು ವಿನಯದಿಂದ ಬರುತ್ತದೆ. ಅದರ ಎಡಬಲಕ್ಕೆ ಹಾರನ್ ಒತ್ತುತ್ತಾ ನುಗ್ಗುವವರು, ಬಸ್ಸಿನ ಡ್ರೈವರಿಗೆ ಕೈಸನ್ನೆ ಮಾಡಿ ಬಯ್ಯುವವರು, ಆ ಬಸ್ಸಿನಲ್ಲಿರುವಂಥ ಮಕ್ಕಳನ್ನೇ ಕಾರಿನಲ್ಲಿ ಕರೆತಂದ ಅಪ್ಪಂದಿರು. ಬಸ್ಸಿನವನ ಚಲನ್ ಎಣಿಸಿ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಅಪ್ಪಂದಿರ ಚಲನ್ ಯಾರೂ ಎಣಿಸಿಲ್ಲ. 2022 ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಸತ್ತವರನ್ನು ಒಬ್ಬೊಬ್ಬರನ್ನಾಗಿ ಎಣಿಸಲು ಬರುವ ಸರ್ಕಾರಕ್ಕೆ ಓಡಿಸುವವರ ತಪ್ಪನ್ನು ಎಣಿಸುವುದು ಅಸಾಧ್ಯವೇನಲ್ಲ.

ಮೂಲೆಮನೆಯ ಅಪ್ಪನಿಗೆ ಯಾರು ಹೇಳುವುದು ಎಂದು ನಾನು ಮತ್ತು ಕಾಕಾ ಬಹಳ ಹೊತ್ತು ಚರ್ಚಿಸಿದೆವು. ಅವರು ಕಾಕಾನ ಮಗನಿಗಿಂತ ಮೇಲಿನ ಹುದ್ದೆಯವರು, ಸರ್ಕಾರಿ ಕಾಲೊನಿಯಲ್ಲಿ ಅದೊಂದು ಬೇರೆ ಬೇಲಿ. ಕೊನೆಗೆ ಕಾಕಾ, "ನಿವೃತ್ತ ಡ್ರೈವರಿಗಿ ಯಾವ ಪ್ರಮೋಶನ್ ತಪ್ಪತೈತಿ, ನಾನ ಹೇಳ್ತೀನಿ" ಎಂದು ಹೋಗಿ, ಅರೆಬರೆ ಹಿಂದಿಯಲ್ಲಿ 199ಎ ಹೇಳಿ ಬಂದರು. ಆ ಅಪ್ಪ ನಗುತ್ತಾ ಚಹಾ ಕೊಟ್ಟು ಕಳಿಸಿದರಂತೆ. ಗಾಡಿ ಮರುದಿನವೂ ಹೊರಟಿತು.

ಚಹಾಕ್ಕೆ ಬಗ್ಗದವರು ನೋಟಿಸಿಗೆ ಬಗ್ಗುತ್ತಾರೆ. ಆದ್ದರಿಂದ ಓದುವ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಓಣಿಯಲ್ಲಿ ಇಂಥ ಹುಡುಗನಿದ್ದರೆ ನಂಬರ್ ಸಮೇತ ಸಂಚಾರ ಪೊಲೀಸರಿಗೆ ಬರೆದು ಕೊಡಿ, ಓಡಿಸಿದವ ಯಾರೆಂದು 133ನೇ ಕಲಮಿನಡಿ ಮಾಲೀಕನನ್ನು ಕೇಳಿ ಎಂದು ಅದರಲ್ಲೇ ಸೇರಿಸಿ. ಮಗುವಿನ ಶಾಲೆಯ ಸಭೆಗೆ ಹೋದಾಗ ಬಸ್ ಡ್ರೈವರನ ಚಲನ್ ದಾಖಲೆ ಕೇಳಿ. ಕೇಳುವ ಮುನ್ನ ನಿಮ್ಮ ಕಾರಿನ ನಂಬರನ್ನೂ ಒಮ್ಮೆ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿಕೊಳ್ಳಿ.